ಕೆಳಗಿನ ಕಡವು

ಫೆಬ್ರವರಿ 12, ಬುಧವಾರ

ಬಸ್ಸು ನಿಲ್ಲುವ ಮೊದಲು ಇಳಿಯಬೇಡಿ ಎಂದು ದಿನಬೆಳಗಾದರೆ ಊರವರಿಗೆಲ್ಲ ಬೈಯುವ ಕಂಡಕ್ಟರ್ ಯಶೋಧರಾ, ನ್ಯಾಮತಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದು ಕಾಲು ಮುರಿದುಕೊಂಡಳು. ಬೇರೆಯವರು ಹೇಳಿಕೊಂಡು ನಗುವ ಮೊದಲು ನಾನೇ ಬರೆದಿಡೋಣ ಎಂದುಕೊಂಡೆ. ತಡವಾಯಿತು. ನನ್ನ ಬಸ್ಸಿನ ಡ್ರೈವರ್ ಭೀಮೇಶ ಆಗಲೇ ಡಿಪೋ ತುಂಬ ಸಾರಿದ್ದಾನಂತೆ.

ಮೊಣಕಾಲಿನವರೆಗೆ ಪ್ಲಾಸ್ಟರ್. ಏಪ್ರಿಲ್‌ವರೆಗೆ ಕೂತಿರಬೇಕಂತೆ. ಕೂರುವುದು ನನಗೆ ಬರುವುದಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ನಿಂತೇ ಬದುಕಿದವಳು ನಾನು. ಸೀಟು ಖಾಲಿಯಿದ್ದರೂ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ಈಗ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಹೊಳೆ ನೋಡುತ್ತಾ ಕೂತಿದ್ದೇನೆ. ಕಡವಿನಕೊಪ್ಪದ ನಮ್ಮ ಕೇರಿಯಲ್ಲಿ ನಮ್ಮದೇ ಕೊನೆಯ ಮನೆ, ಅದಾದ ಮೇಲೆ ಹೊಳೆಯೇ. ಆಚೆ ದಡದಲ್ಲಿ ಹೊನ್ನಾಳಿ, ನಡುವೆ ಸೇತುವೆ. ಸೇತುವೆ ಮೇಲೆ ಬಸ್ಸುಗಳು ನನ್ನನ್ನು ಬಿಟ್ಟು ಹೋಗುತ್ತಿವೆ. ಹಾರನ್ ಕೇಳಿದರೆ ಯಾವ ಡ್ರೈವರ್ ಎಂದು ಹೇಳಬಲ್ಲೆ. ಹೇಳಿ ಏನು ಮಾಡುವುದು.

"ಒಂದು ಕಡೆ ಕೂರಾಕೆ ಬರಲ್ಲ ಅಂತಿದ್ದೆ. ಕಾಲೇ ಕೂಡ್ಸೈತೆ ನೋಡು" ಎಂದು ಅವ್ವ ಅಕ್ಕಿ ಆರಿಸುತ್ತಾ ಹೇಳಿದಳು. ನನ್ನ ಅವ್ವ ಅಂತರಘಟ್ಟಮ್ಮ ಅನುಕಂಪ ತೋರಿಸುವ ರೀತಿ ಇದು.

ದಾವಣಗೆರೆಗೆ ವರ್ಗ ಕೇಳಿ ಡಿಸೆಂಬರಿನಲ್ಲೇ ಅರ್ಜಿ ಹಾಕಿದ್ದೇನೆ. ಗಂಡನ ಮನೆ ಬಿಟ್ಟು ಬಂದ ಮೇಲೆ ಈ ಊರಿನಲ್ಲಿ ಇದ್ದದ್ದು ಸಾಕು. ಇಲ್ಲಿ ಇರುವುದಾದರೂ ಏನು? ಹೊಳೆ, ಜಾಲಿಗಿಡ, ಮತ್ತೆ ನಮ್ಮ ಬಗ್ಗೆ ನಮಗಿಂತ ಹೆಚ್ಚು ತಿಳಿದ ಜನ. ಅವ್ವ ಬಂದರೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಬರುವುದಿಲ್ಲ ಎಂದು ಗೊತ್ತಿದ್ದೇ ಬರೆದೆ.

ಪ್ಲಾಸ್ಟರ್ ಒಳಗೆ ಕೆರೆಯುತ್ತಿದೆ.

ಫೆಬ್ರವರಿ 17, ಸೋಮವಾರ

ಶಿವಮೂರ್ತಪ್ಪ ಮೇಷ್ಟ್ರು ಬಂದಿದ್ದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಊರಿನ ಒಳ್ಳೆಯ ಕೆಲಸಕ್ಕೆಲ್ಲ ಮುಂದೆ ನಿಲ್ಲುವವರು. ಒಳಗೆ ಬಂದು ಕೂತು ಅವ್ವ ಕೊಟ್ಟ ಚಹಾ ಕುಡಿದರು. ಅವರಪ್ಪ ನಮ್ಮ ಕೇರಿಯ ಕಡೆ ಮುಖ ಮಾಡಿ ಕೂಡ ನಿಲ್ಲುತ್ತಿರಲಿಲ್ಲವಂತೆ. ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಬೇಕಾದಷ್ಟು ಬೇರೆ ವಿಷಯಗಳಿವೆ.

"ಹಳೇ ಕಡವು ರಿಪೇರಿ ಮಾಡಾಕೆ ಪಂಚಾಯ್ತಿ ಒಪ್ಪೈತಮ್ಮ. ಮೆಟ್ಲು ತೊಳ್ದು, ಮಂಟಪಕ್ಕೆ ಬಣ್ಣ ಬಳ್ದು, ಕಲ್ಲಿನ ಬೋರ್ಡ್ ಹಾಕ್ತೀವಿ. ಯುಗಾದಿ ಆದ ಮುಂದಿನ ಭಾನುವಾರ ಉದ್ಘಾಟನೆ. ಕಡವಿನ ಇತಿಹಾಸ ನಾಲ್ಕು ಸಾಲು ಬರಿಬೇಕು. ನೀನು ಓದಿದೋಳು, ಹೆಂಗೂ ಮನೇಲಿದ್ದೀಯ" ಎಂದರು.

ಸೇತುವೆ ಬರುವ ಮೊದಲು ನಮ್ಮೂರಿನವರು ಹೊನ್ನಾಳಿಗೆ ಹೋಗುತ್ತಿದ್ದದ್ದು ಈ ಕಡವಿನಲ್ಲಿ ದೋಣಿ ಹತ್ತಿ. ಬೆಳಿಗ್ಗೆ ಹಾಲಿನವರು, ಹೂವಿನವರು, ಸೌದೆ ಹೊರೆ, ಶಾಲೆಯ ಮಕ್ಕಳು, ಅಕ್ಕಿ ಗಿರಣಿಗೆ ಹೋಗುವ ಹೆಂಗಸರು. ಸಂಜೆ ಅದೇ ಜನ ವಾಪಸ್ಸು. ಈಗಿನ ನನ್ನ ಎಂಟು ಗಂಟೆ ಟ್ರಿಪ್ಪಿನಂತೆಯೇ. ದೋಣಿ ನಡೆಸುತ್ತಿದ್ದವನು ಚಿಕ್ಕಹನುಮಂತಪ್ಪ, ಅವನಿಗಿಂತ ಮೊದಲು ಅವನಪ್ಪ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸೇತುವೆ ಆಯಿತು. ಅದೇ ವರ್ಷ ನನ್ನನ್ನು ಚನ್ನಗಿರಿ ಹಾಸ್ಟೆಲ್ಲಿಗೆ ಹಾಕಿದರು. ಮರುವರ್ಷದ ನೆರೆಗೆ ದೋಣಿ ಕೊಚ್ಚಿಹೋಗಿ, ದಡದ ತುಂಬ ಕೆಸರು ಕೂತು, ಕಡವು ಎನ್ನುವುದೇ ಮುಗಿಯಿತು.

ಮೇಷ್ಟ್ರು ಮೊದಲ ಸಾಲನ್ನು ಬರೆದುಕೊಂಡೇ ಬಂದಿದ್ದರು. "ಇಲ್ಲಿ ಎಲ್ಲ ಜಾತಿ ಮತದ ಜನರು ಒಂದೇ ದೋಣಿಯಲ್ಲಿ ಅಣ್ಣತಮ್ಮಂದಿರಂತೆ ಹೊಳೆ ದಾಟುತ್ತಿದ್ದರು."

"ದೋಣಿ ಒಂದೇ ಮೇಷ್ಟ್ರೆ. ಹತ್ತೋ ಜಾಗ ಎರಡಿತ್ತಲ್ರಿ" ಎಂದೆ.

ಮೇಷ್ಟ್ರು ಚಹಾ ಲೋಟದ ತಳ ನೋಡಿದರು. ಮೇಲಿನ ಕಡವಿಗೆ ಕಲ್ಲಿನ ಮೆಟ್ಟಿಲು, ಮಂಟಪ, ನೆರಳು. ಊರಿನವರು ಅಲ್ಲಿ ಹತ್ತಬೇಕು. ಅವರೆಲ್ಲ ಕೂತಾದ ಮೇಲೆ ದೋಣಿ ಕೆಳಕ್ಕೆ ಬರಬೇಕು, ನಮ್ಮ ಮನೆಯ ಕೆಳಗಿನ ಇಳಿಜಾರಿಗೆ. ಜಾಗ ಮಿಕ್ಕಿದ್ದರೆ ಕೇರಿಯವರು ಹಿಂದಿನ ತುದಿಯಲ್ಲಿ ಹತ್ತಬೇಕು. ಮಿಕ್ಕದಿದ್ದರೆ "ಜಾಗಿಲ್ಲ" ಎಂದು ಚಿಕ್ಕಹನುಮಂತಪ್ಪ ಕೈ ಅಲ್ಲಾಡಿಸಿ ಹೋಗುತ್ತಿದ್ದ. ಅವ್ವನ ಸೊಂಟದ ಮೇಲೆ ಕೂತು ನೋಡಿದ ಆ ಕೈ ನನಗೆ ಚೆನ್ನಾಗಿ ನೆನಪಿದೆ. ಕಡವಿನದು ಅಂತ ನನಗೆ ನೆನಪಿರುವುದೇ ಅದೊಂದು.

ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ.

ಫೆಬ್ರವರಿ 18, ಮಂಗಳವಾರ

ಯೋಚನೆ ಮಾಡುವುದೇನು ಬಂತು. ಬರೆಯುತ್ತೇನೆ, ಸರಿಯಾಗಿಯೇ ಬರೆಯುತ್ತೇನೆ.

ಫೆಬ್ರವರಿ 23, ಭಾನುವಾರ

ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಇವಳ ಬಾಯಿಂದ ಒಂದು ಮಾತು ಹೊರಡಿಸುವುದೆಂದರೆ ಚಿಲ್ಲರೆ ಇಲ್ಲದ ಪ್ಯಾಸೆಂಜರಿನಿಂದ ಚಿಲ್ಲರೆ ವಸೂಲಿ ಮಾಡಿದ ಹಾಗೆ.

"ದೋಣಿ ಬಿಟ್ಟೋದ್ರೆ ಎಷ್ಟು ಹೊತ್ತು ಕಾಯ್ತಿದ್ರಿ?"

"ಕಾಯ್ತಿದ್ವಿ. ಬರೋತಂಕ."

"ಬಿಸಿಲಾಗೆ?"

"ಮಳೆ ಬಂದ್ರೆ ಮಳೆಯಾಗೆ." ಆಮೇಲೆ ಅವಳೇ ಸ್ವಲ್ಪ ಹುರುಪಾಗಿ, "ಸುಮ್ಕೆ ಕೂರ್ತಿರ್ಲಿಲ್ಲ ಬಿಡು ನಾವು. ಹೊನ್ನೂರಿ ಇರ್ತಿದ್ಲು, ನಾನಿರ್ತಿದ್ದೆ. ಹೊಳೆಗಿಳ್ದು..." ಎಂದು ಶುರುಮಾಡಿದಳು.

"ಅದೆಲ್ಲ ಬ್ಯಾಡವ್ವ. ಆ ಮೆಟ್ಲು ಹತ್ತಾಕೆ ಯಾರು ಬಿಡ್ತಿರ್ಲಿಲ್ಲ, ಏನಂತ ಬೈತಿದ್ರು, ಅದು ಹೇಳು."

ಅವ್ವ ಎದ್ದುಹೋದಳು. ಹಾಲು ಉಕ್ಕುತ್ತದೆ ಎಂದಳು. ಒಲೆಯ ಮೇಲೆ ಹಾಲಿರಲಿಲ್ಲ.

ಇವಳಿಗೆ ರೋಷ ಎನ್ನುವುದೇ ಇಲ್ಲ. ಅಪ್ಪ ದೀಕ್ಷೆ ತೆಗೆದುಕೊಂಡು, ಗೋಡೆಗೆ ಬುದ್ಧನ ಫೋಟೋ ಹಾಕಿ, ನನಗೆ ಯಶೋಧರಾ ಎಂದು ಹೆಸರಿಟ್ಟು ಹೋದ. ಅವ್ವ ಮಾತ್ರ ಅದೇ ಅಂತರಘಟ್ಟಮ್ಮ.

ಮಾರ್ಚ್ 3, ಸೋಮವಾರ

ಗೆದ್ದು ಬಂದಿದ್ದೇನೆ. ಊರುಗೋಲು ಹಿಡಿದುಕೊಂಡು ಪಂಚಾಯ್ತಿ ಕಟ್ಟೆ ಹತ್ತಿ, ಸಭೆಯಲ್ಲಿ ಎಲ್ಲರ ಎದುರಿಗೆ ಎರಡು ಕಡವಿನ ಕಥೆ ಹೇಳಿದೆ. ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು, ಮೈಕು ಬೇಕಾಗಲಿಲ್ಲ. ಒಬ್ಬರೂ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನಲು ಆಗದೆ ಮೇಲೆ ಕೆಳಗೆ ನೋಡಿದರು.

"ಹಳೇ ಗಾಯ ಕೆರೆಯೋದು ಯಾಕಮ್ಮ. ಬೇರೆ ಏನಾದ್ರೂ ಮಾಡಾನ" ಎಂದರು ಮೇಷ್ಟ್ರು. ಅವರೇ ದಾರಿ ಹುಡುಕಿದರು: ಉದ್ಘಾಟನೆಯ ದಿನ ಮೇಲಿನ ಕಡವಿನ ಮೆಟ್ಟಿಲ ಮೇಲೆ ನಮ್ಮ ಅವ್ವನ ಕೈಯಿಂದ ದೀಪ ಹಚ್ಚಿಸುವುದು. ಯಾರನ್ನು ಆ ಮೆಟ್ಟಿಲಿಗೆ ಬಿಡುತ್ತಿರಲಿಲ್ಲವೋ ಅವಳಿಂದಲೇ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆಗ ಪಂಚಾಯ್ತಿ ಕೆಲಸ ಮಾಡಿಸುವ ಪರಮೇಶ, ಗಾಡಿ ನಿಲ್ಲಿಸಲು ಜಾಗ ಬೇಕು, ಕೆಳಗಿನ ಇಳಿಜಾರಿಗೆ ಮಣ್ಣು ತುಂಬಿಸಿ ಮಟ್ಟ ಮಾಡಿದರೆ ಹೆಂಗೆ, ಕೇರಿಯವರದ್ದೇನಾದರೂ ತಕರಾರು ಐತಾ ಎಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು.

"ತುಂಬ್ರಿ" ಎಂದೆ. "ನಮ್ಮನ್ನ ನಿಲ್ಲಿಸ್ತಿದ್ದ ಜಾಗ ಅದು. ಅವಮಾನದ ಗುರುತು. ಮುಚ್ಚಿಹೋಗ್ಲಿ." ಜನ ಚಪ್ಪಾಳೆ ಹೊಡೆದರು, ನಮ್ಮ ಕೇರಿಯ ಹುಡುಗರು ಜೋರಾಗಿ ಹೊಡೆದರು.

ಮನೆಗೆ ಬರುವಾಗ ಕಾಲು ನೋಯುತ್ತಿತ್ತು, ಗೊತ್ತಾಗಲೇ ಇಲ್ಲ.

ಮಾರ್ಚ್ 4, ಮಂಗಳವಾರ

ಅವ್ವನಿಗೆ ದೀಪದ ವಿಷಯ ಹೇಳಿದೆ. "ಹೌದೇನು" ಎಂದಳು. ಆಮೇಲೆ ಕೇಳಿದಳು, "ಕೆಳಗಿನ ಕಡವು ಏನ್ಮಾಡ್ತಾರಂತೆ?"

"ಮಣ್ಣು ತುಂಬ್ತಾರೆ. ಗಾಡಿ ನಿಲ್ಸಾಕೆ. ನಾನೇ ತುಂಬ್ರಿ ಅಂದೆ."

ಅವ್ವನ ಕೈ ಮೊರದಲ್ಲಿ ನಿಂತಿತು. "ಯಾರನ್ನ ಕೇಳಿ ಅಂದೆ?"

"ಕೇಳೋದೇನೈತವ್ವ ಅದ್ರಾಗೆ. ಕೆಸರು, ಜಾಲಿ."

ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ. ಟಿಕೆಟ್ ತಗೊಂಡಿಲ್ಲ ಎಂದು ನಾನು ತಪ್ಪಾಗಿ ಬೈದ ಮುದುಕಿಯೊಬ್ಬಳು ಸೆರಗಿನ ಗಂಟಿನಿಂದ ಟಿಕೆಟ್ ಬಿಚ್ಚಿ ತೋರಿಸುವಾಗ ಹಾಗೆ ನೋಡಿದ್ದಳು. ಮೊರ ಕೆಳಗಿಟ್ಟು ಹಿತ್ತಲಿಗೆ ಹೋದಳು. ಸಂಜೆ ಊಟಕ್ಕೆ ಇಟ್ಟಳು, ನೀರು ಕೊಟ್ಟಳು, ಮಾತಿಲ್ಲ.

ಇಷ್ಟು ಮಾಡಿದ್ದು ಇವಳಿಗಾಗಿ. ದಾವಣಗೆರೆ ಆರ್ಡರ್ ಇವತ್ತೇ ಬಂದರೆ ಕುಂಟುತ್ತಲೇ ಹೊರಡುತ್ತೇನೆ.

ಮಾರ್ಚ್ 7, ಶುಕ್ರವಾರ

ಈ ದಿನ ಬರೆಯಲು ಕಷ್ಟವಾಗುತ್ತಿದೆ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಯಾರಿಗೆ ಹೇಳಲಿ.

ಅವ್ವ ಅಂಗಡಿಗೆ ಹೋಗಿದ್ದಾಗ ಹೊನ್ನೂರಮ್ಮ ಬಂದಳು. ಅವ್ವ ಹೊನ್ನೂರಿ ಎನ್ನುವ ಜೊತೆಯವಳು, ಇಬ್ಬರೂ ಗಿರಣಿಗೆ ಒಟ್ಟಿಗೆ ದಾಟುತ್ತಿದ್ದವರು. ನಿಂತುಕೊಂಡೇ ಶುರುಮಾಡಿದಳು.

"ತುಂಬ್ರಿ ಅಂದ್ಯಂತೆ. ಯಾಕಂದೆ?"

ನಾನು ಸಭೆಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಅವಳು ಪೂರ್ತಿ ಕೇಳಲಿಲ್ಲ. "ನಿನಗಿಂತ ಮೊದ್ಲು ಒಂದಿತ್ತು, ಗೊತ್ತೇನು ನಿನಗೆ?" ಎಂದಳು.

"ಏನಿತ್ತು?"

"ಕೂಸು. ಏಳು ತಿಂಗಳು ತುಂಬಿತ್ತು ನಿಮ್ಮವ್ವಂಗೆ. ಮಳೆಗಾಲ. ಕೆಳಗಿನ ಕಡವು ಆವಾಗ ಬರೇ ಜೇಡಿ. ದೋಣಿ ಬಂತು ಅಂತ ಅವಸರಕ್ಕೆ ಇಳಿದೋಳು, ಮ್ಯಾಲಿಂದ ಜಾರಿ ನೀರಿನ ತಂಕ ಹೋದ್ಲು. ಕೂಸು ಉಳೀಲಿಲ್ಲ. ಎದ್ದು ಕೆಲಸಕ್ಕೆ ಬಂದ ದಿನ ಏನ್ಮಾಡಿದ್ಲು ಗೊತ್ತಾ? ಹೊಳೆಗಿಳ್ದು ಒಂದು ಚಪ್ಪಟೆ ಕಲ್ಲು ಎತ್ಕಂಬಂದು, ಜಾರಿದ ಜಾಗದಾಗೆ ಇಟ್ಲು. ಏನೂ ಅನ್ಲಿಲ್ಲ. ಮಾರನೇ ದಿನ ಇನ್ನೊಂದು. ನಾನೂ ಒಂದಿಟ್ಟೆ. ದೋಣಿ ಹೆಂಗೂ ಬರಾಕೆ ಹೊತ್ತಾಗ್ತಿತ್ತು, ಸುಮ್ಕೆ ಕೂರೋದ್ಯಾಕೆ. ಆಮ್ಯಾಲೆ ಅದೇ ರೂಢಿ ಆತು. ಕೇರಿಯೋರು ಯಾರೇ ದಾಟ್ಲಿ, ಒಂದು ಕಲ್ಲಿಟ್ಟೇ ದೋಣಿ ಹತ್ತೋದು. ಜಗಳೂರ ಕಡೆ ಶೇಂಗಾ ಕೀಳಾಕೆ ಹೋದೋರು ಅಲ್ಲಿಂದ ಕೆಂಪು ಕಲ್ಲು ತರೋರು. ಮದುವೆಯಾಗಿ ಬಂದ ಹುಡ್ಗೀರು ತವರಿಂದ ತರೋರು. ಮ್ಯಾಲಿನ ಕಡವಿಗೆ ಇಲ್ಲ ನೋಡು ಅಂಥ ಮೆಟ್ಲು. ನೀನು ಹೊಟ್ಟೆಯಾಗಿದ್ದಾಗ ದಿನ ತುಂಬೋತಂಕ ಅದ್ರ ಮ್ಯಾಲೇ ಇಳ್ದು ಹತ್ಯಾಳೆ. ಒಂದ್ಸಲನೂ ಜಾರ್ಲಿಲ್ಲ."

"ನನಗ್ಯಾರೂ ಹೇಳ್ಲಿಲ್ಲ" ಎಂದೆ.

"ನೀನು ಕೇಳಿದ್ಯಾ?"

ಅವಳು ಹೋದ ಮೇಲೆ ಊರುಗೋಲು ತೆಗೆದುಕೊಂಡು ಇಳಿಜಾರಿಗೆ ಹೋದೆ. ಒಣಗಿದ ಕೆಸರು, ಜಾಲಿ, ಪ್ಲಾಸ್ಟಿಕ್ಕು. ಮೆಟ್ಟಿಲೂ ಇಲ್ಲ ಮಣ್ಣೂ ಇಲ್ಲ, ಮುದುಕಿಯ ಮಾತು ಎಂದುಕೊಂಡೇ ಊರುಗೋಲಿನಿಂದ ಕುಟ್ಟಿದೆ. ಮೂರು ಕಡೆ ಮೆತ್ತಗಿತ್ತು. ನಾಲ್ಕನೆಯ ಕಡೆ ಟಕ್ ಎಂದಿತು. ಅದರ ಕೆಳಗೆ ಇನ್ನೊಂದು ಕಡೆ ಕುಟ್ಟಿದೆ, ಅಲ್ಲಿಯೂ ಟಕ್. ಇಡೀ ಇಳಿಜಾರಿನ ಉದ್ದಕ್ಕೂ ಕುಟ್ಟುತ್ತಾ ಹೋದೆ.

ಅವ್ವ ಅವತ್ತು "ಹೊಳೆಗಿಳ್ದು" ಎಂದಳು. ಅದೆಲ್ಲ ಬ್ಯಾಡ ಎಂದೆ ನಾನು. ನನಗೆ ಅಕ್ಕನೋ ಅಣ್ಣನೋ ಒಬ್ಬರಿದ್ದರು.

ಮಾರ್ಚ್ 9, ಭಾನುವಾರ

ಮೇಷ್ಟ್ರ ಮನೆಗೆ ಹೋದೆ. ತುಂಬುವುದು ಬೇಡ, ಆ ಕೆಸರು ತೆಗೆಸಿ, ಒಳಗೆ ಮೆಟ್ಟಿಲಿದೆ ಎಂದೆ. ಪಾಪ, ಪೂರ್ತಿ ಕೇಳಿದರು.

"ನೀನೇ ತುಂಬ್ರಿ ಅಂದ್ಯಲ್ಲಮ್ಮ. ಸಭೆ ಒಪ್ಪಿ, ಕೆಲಸ ಕೊಟ್ಟಾಗೈತೆ. ಈಗ ಹೆಂಗೆ ಬ್ಯಾಡ ಅನ್ನೋದು?"

"ನನಗೆ ಗೊತ್ತಿರ್ಲಿಲ್ಲ ಮೇಷ್ಟ್ರೆ."

"ನನಗಾದ್ರೂ ಎಲ್ಲಿ ಗೊತ್ತಿತ್ತು? ನಾವು ಆ ಕಡೆ ನೋಡ್ತಾನೇ ಇರ್ಲಿಲ್ಲ" ಎಂದರು. ನಿಜವನ್ನೇ ಹೇಳಿದರು. ಪರಮೇಶನಿಗೆ ಫೋನ್ ಮಾಡಿ ನೋಡು ಎಂದರು.

ಪರಮೇಶ ಫೋನ್ ಎತ್ತಲಿಲ್ಲ.

ಮಾರ್ಚ್ 14, ಶುಕ್ರವಾರ

ಪರಮೇಶ ಎತ್ತಿದ. ನೋಡಾನ ಎಂದ. ಈ ಜಿಲ್ಲೆಯಲ್ಲಿ ನೋಡಾನ ಎಂದರೆ ಆಗಲ್ಲ ಎಂದರ್ಥ. ನಾನೇ ಪ್ಯಾಸೆಂಜರುಗಳಿಗೆ ಅದನ್ನೇ ಹೇಳುತ್ತೇನೆ. ಕೇರಿಯ ಹುಡುಗರನ್ನು ಕೇಳಿದೆ. "ಅಕ್ಕ, ನೀವೇ ಅವಮಾನ ಅಂದ್ರಿ, ನಾವು ಚಪ್ಪಾಳೆ ಹೊಡದ್ವಿ. ಈಗ ಉಳಿಸ್ರಿ ಅಂದ್ರೆ?" ಎಂದರು. ಅವರದ್ದೇನು ತಪ್ಪು.

ಕೂರಲು ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಬಾಗಿಲಿಗೂ ಹಿತ್ತಲಿಗೂ ಕುಂಟುತ್ತಿದ್ದೇನೆ. "ನೆಲ ಸವೀತೈತೆ" ಎಂದಳು ಅವ್ವ. ಹತ್ತು ದಿನಕ್ಕೆ ಅವಳ ಮೊದಲ ಬಿಡಿಮಾತು. ಕೂಸಿನ ವಿಷಯ ಕೇಳಬೇಕೆಂದು ಬಾಯಿ ತೆಗೆದೆ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು.

ಮಾರ್ಚ್ 20, ಗುರುವಾರ

ಜೆಸಿಬಿ ಬಂತು.

ಸದ್ದು ಕೇಳಿ ಹೊರಗೆ ಬರುವಷ್ಟರಲ್ಲಿ ಜಾಲಿಯನ್ನೆಲ್ಲ ಕಿತ್ತು ಒಂದು ಪದರ ಕೆರೆದಾಗಿತ್ತು. ನಿಲ್ಸ್ರಿ ಎಂದು ಕೂಗಿದೆ, ಇಂಜಿನ್ ಸದ್ದಿಗೆ ಕೇಳಿಸಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಬ್ಯಾಗಿನಿಂದ ನನ್ನ ಸೀಟಿ ತಂದು ಊದಿದೆ. ಉದ್ದಕ್ಕೆ ಒಂದೇ ಸೀಟಿ, ಬಸ್ ನಿಲ್ಲಿಸುವುದು. ಜೆಸಿಬಿ ಗಕ್ಕನೆ ನಿಂತಿತು. ಓಡಿಸುತ್ತಿದ್ದ ಸಿದ್ದು ಸಂತೇಬೆನ್ನೂರಿನವನು, ಮೊದಲು ಖಾಸಗಿ ಬಸ್ಸಿಗೆ ಡ್ರೈವರಾಗಿದ್ದನಂತೆ. "ಕಾಲು ತಾನೇ ಬ್ರೇಕ್ ಹಾಕ್ತು ಮೇಡಂ" ಎಂದ.

ಇಳಿದು ಅವನೂ ನೋಡಿದ. ಕೆರೆದ ಕಡೆ ಮಣ್ಣಿನ ಕೆಳಗೆ ಕಲ್ಲುಗಳು ಕಾಣುತ್ತಿದ್ದವು. ಸಾಲಾಗಿ, ಒಂದರ ಅಂಚಿಗೆ ಒಂದು ಕಚ್ಚಿಸಿ ಇಟ್ಟವು. ಹೊಳೆಯ ಕರಿಕಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು. ಬಹಳ ಜನರ ಪಾದ ಬಿದ್ದು ನುಣುಪಾಗಿದ್ದವು.

"ಮೇಡಂ, ಇದು ಬಿದ್ದಿರೋ ಕಲ್ಲಲ್ಲ. ಯಾರೋ ಕಟ್ಟ್ಯಾರೆ" ಎಂದ ಸಿದ್ದು.

"ನಮ್ಮವ್ವ ಕಟ್ಟ್ಯಾಳೆ" ಎಂದೆ.

ಸಿದ್ದು ಇಂಜಿನ್ ಆರಿಸಿ ಬೀಡಿ ಹಚ್ಚಿದ. ಅಷ್ಟರಲ್ಲಿ ಪರಮೇಶ ಬಂದ, ಮೇಷ್ಟ್ರು ಬಂದರು, ಕೇರಿಯವರೂ ಬಂದು ನಿಂತರು. ಮಣ್ಣಿನ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲುಗಟ್ಟಿದ್ದವು. ಒಂದು ವಾರ ನಿಲ್ಲಿಸಿ ಎಂದೆ, ಎರಡು ದಿನ ಎಂದೆ. ಜಗಳವನ್ನೂ ಆಡಿದೆ, ಕೈಯನ್ನೂ ಮುಗಿದೆ. ನಾನು ಯಾರಿಗೂ ಕೈ ಮುಗಿದವಳಲ್ಲ. "ಯಶೋಧಕ್ಕ, ಎಲ್ಲರ ಮುಂದೆ ನೀವೇ ಹೇಳಿದ್ರಿ" ಎಂದು ಪರಮೇಶ ಮೆತ್ತಗೆ ಹೇಳಿದ. ಅವನು ಕೂಗಾಡಿದ್ದರೆ ಒಳ್ಳೆಯದಿತ್ತು. ಮೇಷ್ಟ್ರು ನನ್ನ ಕಡೆ ಒಂದು ಸಲ, ಟ್ರ್ಯಾಕ್ಟರುಗಳ ಕಡೆ ಒಂದು ಸಲ ನೋಡಿದರು.

ನನ್ನ ಮಾತೇ ನನಗೆ ಅಡ್ಡ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮಟ್ಟವಾಯಿತು.

ಅವ್ವ ಬಾಗಿಲಲ್ಲಿ ನಿಂತು ಅಷ್ಟನ್ನೂ ನೋಡಿದಳು. ಕೊನೆಯ ಟ್ರ್ಯಾಕ್ಟರ್ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಬಂದು ನನ್ನ ತೋಳು ಹಿಡಿದಳು.

"ಬಾ ಒಳಗೆ. ಬಿಸಿಲು."

ಮಾರ್ಚ್ 24, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕಾಲು ನನ್ನದಲ್ಲವೇನೋ ಎನ್ನುವಂತೆ ಸೊರಗಿದೆ. ಸಂಜೆ ಅವ್ವ ಎಣ್ಣೆ ಹಚ್ಚಿ ಉಜ್ಜಿದಳು.

ಉಜ್ಜುವಾಗ ಕೇಳಿದೆ. "ಹೆಣ್ಣಾ ಗಂಡಾ ಅವ್ವ, ಅದು?"

ಅವಳ ಕೈ ನಿಲ್ಲಲಿಲ್ಲ. "ಹೆಣ್ಣು" ಎಂದಳು. ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು, "ನಿನ್ನಂಗೆ ಕೂದ್ಲು ಇತ್ತು, ದಟ್ಟಕೆ" ಎಂದಳು.

"ತಪ್ಪಾತವ್ವ ನಂದು."

"ಆತು. ಕಾಲು ಅತ್ಲಾಗೆ ಅಲ್ಲಾಡಿಸ್ಬ್ಯಾಡ."

ಮಾರ್ಚ್ 29, ಶನಿವಾರ

ಬೋರ್ಡಿಗೆ ನಾನು ಬರೆದುಕೊಟ್ಟದ್ದರಲ್ಲಿ "ಹತ್ತುವ ಜಾಗ ಎರಡಿತ್ತು" ಎನ್ನುವ ಸಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ಕೆತ್ತಿಸಿದ್ದಾರೆ. ಕಲ್ಲಿನಲ್ಲಿ ಜಾಗ ಸಾಲಲಿಲ್ಲವಂತೆ.

ದೀಪ ಹಚ್ಚಲು ಹೋಗಬೇಡ ಎಂದೆ ಅವ್ವನಿಗೆ. "ಯಾಕೆ? ದೀಪ ಏನ್ಮಾಡೈತೆ?" ಎಂದಳು. ಇವಳನ್ನು ಅರ್ಥ ಮಾಡಿಕೊಳ್ಳಲು ನನ್ನಿಂದ ಆಗುವುದಿಲ್ಲ. ನಾಳೆ ಯುಗಾದಿ, ಬೇವು ತರಬೇಕು.

ಏಪ್ರಿಲ್ 6, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅವ್ವ ನೀಲಿ ಸೀರೆ ಉಟ್ಟಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು, ಎಲೆ ಅಡಿಕೆ ಇರಬೇಕು ಎಂದುಕೊಂಡೆ. ಮೇಲಿನ ಕಡವಿಗೆ ಶಾಮಿಯಾನ, ಕುರ್ಚಿ, ಊರಿನವರು, ಕೇರಿಯವರು. ಅವ್ವನ ಹೆಸರು ಕರೆದರು. ಹೋದಳು, ಮೆಟ್ಟಿಲ ಮೇಲುಗಡೆ ನಿಂತು ದೀಪ ಹಚ್ಚಿದಳು. ಶಾಲು ಹೊದಿಸಿದರು. ಕೆಳಗಿನ ಮೆಟ್ಟಿಲಿಗೆ ಇಳಿದು ನೀರು ಮುಟ್ಟಬೇಕು, ಫೋಟೋ ತೆಗೆಯಬೇಕು ಎಂದು ಮೇಷ್ಟ್ರು ಕೈ ಚಾಚಿದರು.

"ಬ್ಯಾಡ್ರಿ ಮೇಷ್ಟ್ರೆ" ಎಂದಳು ಅವ್ವ. "ಈ ಮೆಟ್ಲು ನನಗೆ ರೂಢಿ ಇಲ್ಲ. ನಮ್ದು ಅಲ್ಲೈತೆ."

ಸಣ್ಣ ದನಿಯಲ್ಲೇ ಹೇಳಿದ್ದು. ಮುಂದೆ ಮೈಕಿತ್ತು, ಎಲ್ಲರಿಗೂ ಕೇಳಿಸಿತು.

ಅಲ್ಲಿಂದ ಹೊರಟು ದಡದಗುಂಟ ನಡೆದಳು. ನಾನು ಕುಂಟುತ್ತಾ ಹಿಂದೆ. ಹೊಸ ಮಣ್ಣಿನ ಮೇಲೆ ಬೈಕುಗಳು ನಿಂತಿದ್ದವು. ಒಂದು ಬೈಕನ್ನು ಸರಿಸು ಎಂದಳು, ಸರಿಸಿದೆ. ಅವ್ವ ಆ ಜಾಗವನ್ನು ಒಂದು ಸಲ ನೋಡಿ, ಹೊಳೆಯ ಕಡೆ ನೋಡಿ, ಎರಡು ಹೆಜ್ಜೆ ಈಚೆಗೆ ಬಂದಳು. ಸೆರಗು ಬಿಚ್ಚಿ ಚಪ್ಪಟೆಯ ಕರಿಕಲ್ಲೊಂದನ್ನು ತೆಗೆದು ಅಲ್ಲಿಟ್ಟಳು. ಅಲ್ಲಾಡುತ್ತದೆಯೋ ಎಂದು ಕಾಲಿನಿಂದ ಒತ್ತಿ ನೋಡಿದಳು.

ಜಾರಿದ ಜಾಗ ಅದು ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ.

ಆಮೇಲೆ ಹೊನ್ನೂರಮ್ಮ ಬಂದಳು. ಅವಳೂ ತಂದಿದ್ದಳು. ಇಬ್ಬರೂ ಮಾತಾಡಿಕೊಂಡೇ ಮಾಡಿದ್ದಾರೆ ಕಳ್ಳಿಯರು. ನಾನು ದಡಕ್ಕಿಳಿದು ಒಂದು ಕಲ್ಲು ಹುಡುಕಿ ತಂದು ಅವ್ವನ ಕಲ್ಲಿನ ಅಂಚಿಗೆ ಕಚ್ಚಿಸಿ ಇಟ್ಟೆ. ಕೇರಿಯ ಹುಡುಗರು ಮುಖ ಮುಖ ನೋಡಿಕೊಂಡರು, ಆಮೇಲೆ ತಮ್ಮ ಬೈಕುಗಳನ್ನು ಎತ್ತಿ ಪಕ್ಕಕ್ಕಿಟ್ಟು ಹೊಳೆಗೆ ಇಳಿದರು.

ಶಾಮಿಯಾನದ ಕಡೆಯಿಂದ ಶಿವಮೂರ್ತಪ್ಪ ಮೇಷ್ಟ್ರು ಒಬ್ಬರೇ ನಡೆದು ಬಂದರು. ಪಂಚೆ ಎತ್ತಿಕಟ್ಟಿದ್ದರು, ಕೈಯಲ್ಲಿ ಕಲ್ಲಿತ್ತು. ಆದರೆ ಹತ್ತಿರ ಬರಲಿಲ್ಲ. ಮಣ್ಣಿನ ಅಂಚಿನಲ್ಲೇ ನಿಂತರು, ಎಲ್ಲಿಡಬೇಕು, ಇಡಬಹುದೋ ಇಲ್ಲವೋ ಗೊತ್ತಾಗದವರಂತೆ. ಚಿಕ್ಕಹನುಮಂತಪ್ಪನ ಕೈ ನನಗೆ ನೆನಪಾಯಿತು. ಅದನ್ನೇ ತೋರಿಸಬೇಕು ಎನಿಸಿತು, ಸುಳ್ಳು ಯಾಕೆ ಹೇಳಲಿ. ಕೈ ಅರ್ಧ ಎತ್ತಿಯೂ ಇದ್ದೆ.

ಅವ್ವ ಸ್ವಲ್ಪ ಪಕ್ಕಕ್ಕೆ ಸರಿದಳು.

"ಬರ್ರಿ ಮೇಷ್ಟ್ರೆ" ಎಂದಳು. "ಜಾಗ ಐತೆ."

ಏಪ್ರಿಲ್ 7, ಸೋಮವಾರ

ಏನೂ ಬರೆಯುವುದಿಲ್ಲ. ಹತ್ತು ಗಂಟೆವರೆಗೆ ಮಲಗಿದ್ದೆ.

ಏಪ್ರಿಲ್ 21, ಸೋಮವಾರ

ಡ್ಯೂಟಿಗೆ ಹೋದೆ. ಚನ್ನಗಿರಿ ಟ್ರಿಪ್. "ನಿಂತ ಮೇಲೆ ಇಳೀರಿ ಮೇಡಂ" ಎಂದು ಭೀಮೇಶ ನಿಲ್ದಾಣ ಬಂದಾಗಲೆಲ್ಲ ಹೇಳಿದ. ಕೆರೆಬಿಳಚಿ ದಾಟಿದ ಮೇಲೆ ಹೇಳುವುದನ್ನು ಬಿಟ್ಟ. ನಾನು ಇವತ್ತು ಯಾರಿಗೂ ಬೈಯಲಿಲ್ಲವಂತೆ, ಅದು ಅವನಿಗೆ ಭಯ ಹುಟ್ಟಿಸಿತಂತೆ. ಜನ ತುಂಬಿ ಬಾಗಿಲಲ್ಲಿ ಜೋತುಬಿದ್ದರು. ಒಳಗೆ ಬರ್ರಿ, ಜಾಗ ಐತೆ ಎಂದು ಕೂಗಿದೆ. ದಿನಾ ಕೂಗುವುದೇ. ಇವತ್ತು ಕೂಗಿದ ಮೇಲೆ ಸ್ವಲ್ಪ ಹೊತ್ತು ಟಿಕೆಟ್ ಕೊಡಲು ಕೈ ಬರಲಿಲ್ಲ.

ದಾವಣಗೆರೆ ಆರ್ಡರ್ ಬಂದಿದೆ, ಡಿಪೋದಲ್ಲಿದೆ ಎಂದ ಭೀಮೇಶ. ನೋಡಾನ ಎಂದೆ.

ಸೂಳೆಕೆರೆಯ ಏರಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಇಳಿದು ಒಂದು ಕಲ್ಲು ಆರಿಸಿ ಬ್ಯಾಗಿಗೆ ಹಾಕಿಕೊಂಡೆ. ಭೀಮೇಶ ನೋಡಿದ, ಬಾಯಿ ತೆಗೆದ, ಮುಚ್ಚಿಕೊಂಡ.

ಸಂಜೆ ಹೊನ್ನಾಳಿಯಲ್ಲಿ ಇಳಿದು ಆಟೋದಲ್ಲಿ ಸೇತುವೆ ದಾಟುವಾಗ ಕೆಳಗೆ ನೋಡಿದೆ. ಕಲ್ಲಿನ ಒಂದು ಸಾಲು ಮುಗಿದು ಎರಡನೆಯದು ನೀರಿನ ಕಡೆಗೆ ಹೊರಟಿದೆ. ಬೈಕುಗಳು ತಾವಾಗಿಯೇ ರಸ್ತೆಯ ಬದಿಗೆ ಹೋಗಿವೆ. ನಾನಿಲ್ಲದ ಹೊತ್ತಿನಲ್ಲಿ ಯಾರು ಯಾರೋ ಇಟ್ಟಿದ್ದಾರೆ.

ಅವ್ವ ಬಾಗಿಲಲ್ಲಿ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಕಲ್ಲು ತೆಗೆದು ಕೊಟ್ಟೆ. ತಿರುಗಿಸಿ ನೋಡಿದಳು.

"ಯಾವೂರಿಂದು?"

"ಸೂಳೆಕೆರೇದು."

"ಸಣ್ಣದು ತಂದೀಯ" ಎಂದಳು. "ಹೆಜ್ಜೆ ಕೂರಲ್ಲ ಇದ್ರ ಮ್ಯಾಲೆ."

ಗುರುವಾರ ಜಗಳೂರು ಟ್ರಿಪ್ ಹಾಕಿದ್ದಾರೆ. ಅಲ್ಲಿಂದ ದೊಡ್ಡದು ತರಬೇಕು.